ಕೆಳಗಿನ ಕೇರಿಯ ಮಳೆನೀರು ಗಟಾರ: ಬಿಲ್ ಪಾಸು ಮಾಡುವ ಮೊದಲು ಲೆವೆಲ್ ನೋಡಿ

ಏಪ್ರಿಲ್, 2025

ಗೆ,
ಮಾನ್ಯ ಮುಖ್ಯಾಧಿಕಾರಿಗಳು, ಪುರಸಭೆ

ಇಂದ,
ಬಂದರು ರಸ್ತೆ, ಕೆಳಗಿನ ಕೇರಿಯ ನಿವಾಸಿಗಳು

ವಿಷಯ: ಹೊಸ ಗಟಾರದಲ್ಲಿ ನೀರು ಹಿಂದಕ್ಕೆ ಹರಿಯುತ್ತಿರುವುದನ್ನು ಮಳೆಗಾಲಕ್ಕೆ ಮೊದಲು ಸರಿಪಡಿಸುವ ಬಗ್ಗೆ (ಮತ್ತೊಮ್ಮೆ)

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ವಿನಂತಿ ಹಳೆಯದೇ. ತಮ್ಮ ಕುರ್ಚಿಯಲ್ಲಿ ಮೊದಲು ಇದ್ದವರಿಗೂ ಇದನ್ನೇ ಬರೆದಿದ್ದೆವು. ಸ್ವೀಕೃತಿ ಸೀಲು ಬಿದ್ದ ಪ್ರತಿಗಳು ನಮ್ಮ ಹತ್ತಿರ ಇವೆ. ತಮ್ಮ ಕಚೇರಿಯಲ್ಲಿ ಮಾತ್ರ ಅವು ಸಿಗುತ್ತಿಲ್ಲವಂತೆ. ಆದ್ದರಿಂದ ಎಲ್ಲದರ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇವೆ. ದಯವಿಟ್ಟು ಈ ಸಲ ಕಳೆಯಬೇಡಿ.

ಮೊದಲು ಇದ್ದದ್ದು ಚಿರೇಕಲ್ಲಿನ ತೆರೆದ ಗಟಾರ. ಹೂಳು ತುಂಬುತ್ತಿತ್ತು, ಉಕ್ಕುತ್ತಿತ್ತು, ನಿಜ. ಆದರೆ ಇಳಿತ ಬಂದ ಮೇಲೆ ನೀರು ತಾನಾಗಿ ಅಳಿವೆ ಸೇರುತ್ತಿತ್ತು. ಹೂಳು ತೆಗೆಸಿ ಎಂದು 2023ರಲ್ಲಿ ಕೇಳಿದ್ದಕ್ಕೆ, ಹೂಳು ಏಕೆ, ಹೊಸ ಕಾಂಕ್ರೀಟ್ ಗಟಾರವೇ ಮಂಜೂರಾಗಿದೆ ಎಂದರು. ಖುಷಿಪಟ್ಟೆವು. ಭೂಮಿಪೂಜೆಗೆ ಪೆಂಡಾಲ್ ಹಾಕಿದ್ದು, ಕುರ್ಚಿ ತಂದದ್ದು ನಮ್ಮ ಕೇರಿಯ ಹುಡುಗರೇ.

ಕೆಲಸ ಶುರುವಾಗಿದ್ದು 2024ರ ಬೇಸಿಗೆಯಲ್ಲಿ, ಅದೂ ಮೇಲ್ತುದಿಯಿಂದ. ಗಟಾರದ ನೀರು ಅಳಿವೆಗೆ ಬೀಳುವ ಹಳೇ ಮೋರಿಯನ್ನು ಹಾಗೇ ಬಿಟ್ಟರು. ಹೊಸ ಗಟಾರದ ತಳ ಆ ಮೋರಿಯ ತಳಕ್ಕಿಂತ ಒಂದು ಗೇಣು ಕೆಳಗಿದೆ. ಇದು ನಮ್ಮ ಕಲ್ಪನೆಯಲ್ಲ. ಗಾರೆ ಕೆಲಸ ಮಾಡುವವರು ನಮ್ಮ ಕೇರಿಯಲ್ಲೂ ಇದ್ದಾರೆ. ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಅವರೇ ಅಳೆದು ಗೋಡೆಗೆ ಇದ್ದಿಲಿನ ಗೀಟು ಹಾಕಿದ್ದಾರೆ. ಕೆಲಸ ನೋಡಲು ಬಂದ ಎಂಜಿನಿಯರ್ ಸಾಹೇಬರ ಎದುರೇ ಮೋರಿಯ ಬಾಯಲ್ಲಿ ಒಂದು ಕೊಡ ನೀರು ಸುರಿದು ತೋರಿಸಿದೆವು. ನೀರು ಅಳಿವೆ ಕಡೆ ಹೋಗಲಿಲ್ಲ. ಸಿಮೆಂಟ್ ಪುಡಿ, ಬೀಡಿ ತುಂಡು ಎಳೆದುಕೊಂಡು ತಿರುಗಿ ಅಂಗನವಾಡಿ ಕಡೆ ಬಂತು. ಸಾಹೇಬರು ಸ್ವಲ್ಪ ಹೊತ್ತು ನೋಡಿದರು. "ಮೋರಿ ಎಸ್ಟಿಮೇಟ್‌ನಲ್ಲಿ ಇಲ್ಲಮ್ಮಾ" ಎಂದರು. ಮರುದಿನ ಬೆಳಿಗ್ಗೆ ಮೊದಲ ಕೆಲಸವೇ ಆ ಜಾಗಕ್ಕೆ ಸ್ಲ್ಯಾಬ್ ಮುಚ್ಚಿದ್ದು. ಬೇರೆ ಕಡೆ ಇವತ್ತಿಗೂ ಸ್ಲ್ಯಾಬ್ ಇಲ್ಲ, ಅಲ್ಲಿ ಮಾತ್ರ ಇದೆ.

ನೀರು ಹೋಗಲು ಇಳಿಜಾರು ಬೇಕು ಎಂಬುದನ್ನು ತಮಗೆ ನಾವು ಹೇಳಿಕೊಡಬೇಕೇ? ಒಂದು ಎಕರೆ ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 4 ಲಕ್ಷ ಲೀಟರ್ ನೀರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 204.4 ಮಿಲಿಮೀಟರ್ ಮೀರಿದರೆ ಅತ್ಯಂತ ಭಾರೀ ಮಳೆ. ನಮ್ಮ ಕರಾವಳಿಗೆ ಅದೇನು ಅಪರೂಪವಲ್ಲ. ಗುಡ್ಡದ ನೀರು, ಮೇಲಿನ ಬಡಾವಣೆಯ ನೀರು, ಎತ್ತರಿಸಿದ ರಸ್ತೆಯ ನೀರು ಎಲ್ಲಾ ಬರುವುದು ಇದೇ ಗಟಾರಕ್ಕೆ. ಅದರ ಮೇಲೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ, ಅಂದರೆ ಕಡಲಿನ ಉಬ್ಬರ, ಜಾಸ್ತಿ. ಹಳೇ ಮೋರಿಗೆ ಗಜನಿ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ಕಟ್ಟೆಗೆ ಇರುವಂಥ ಹಲಗೆ ಬಾಗಿಲು ಇತ್ತು. ಭರತ ಬಂದಾಗ ಅದು ಉಪ್ಪುನೀರು ತಡೆಯುತ್ತಿತ್ತು. ಕೆಲಸದ ನೆಪದಲ್ಲಿ ಅದನ್ನು ಕಿತ್ತವರು ಮತ್ತೆ ಹಾಕಲಿಲ್ಲ. ಹಲಗೆ ಎಲ್ಲಿ ಹೋಯಿತು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಈಗ ಮಳೆಯೇ ಇಲ್ಲದ ಹುಣ್ಣಿಮೆಯಲ್ಲೂ ಸ್ಲ್ಯಾಬಿನ ತೂತಿನಿಂದ ನೀರು ಗುಳುಗುಳು ಎಂದು ಮೇಲೆ ಬರುತ್ತದೆ. ಅದರ ಹಿಂದೆ ಏಡಿ ಬರುತ್ತದೆ.

ಕಳೆದ ಮಳೆಗಾಲದ ಕಥೆ ಕೇಳಿ. ಜುಲೈ ಮೊದಲ ವಾರದಲ್ಲೇ ಮನೆಗಳಿಗೆ ನೀರು ನುಗ್ಗಿತು. ದೂರು ಕೊಟ್ಟೆವು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಸಿಬ್ಬಂದಿ ಎಲ್ಲಾ ಆ ಕಡೆ ಇದ್ದಾರೆ, ತಡೆದುಕೊಳ್ಳಿ ಎಂದರು. ಅಲ್ಲಿ ಜೀವ ಹೋಗಿತ್ತು, ನಾವು ಬಾಯಿ ಮುಚ್ಚಿಕೊಂಡೆವು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ಹಳೇ ಸೇತುವೆ ಬಿತ್ತು. ಆಗಲೂ ಅದೇ ಉತ್ತರ. ಸೇತುವೆಗೂ ನಮ್ಮ ಮೋರಿಗೂ ಏನು ಸಂಬಂಧ ಎಂದು ಇಂದಿಗೂ ತಿಳಿದಿಲ್ಲ. ಗಣೇಶನ ಹಬ್ಬ ಮುಗಿಯಲಿ ಎಂದರು, ಮುಗಿಯಿತು. ದೀಪಾವಳಿಗೆ ಗುತ್ತಿಗೆದಾರರು ಫೋನ್ ಎತ್ತುತ್ತಿಲ್ಲ ಎಂದರು. ಡಿಸೆಂಬರಿನಲ್ಲಿ ನೆಲ ಒಣಗಿದಾಗ, ಈಗ ನೀರೇ ಇಲ್ಲವಲ್ಲ, ಸಮಸ್ಯೆ ಎಲ್ಲಿದೆ ಎಂದು ನಮ್ಮನ್ನೇ ಕೇಳಿದರು! ಮೊಬೈಲ್‌ನಲ್ಲಿ ಹಾಕಿದ ದೂರಿಗೆ "ಬಗೆಹರಿದಿದೆ" ಎಂದು ಮೆಸೇಜ್ ಬಂತು. ಮೆಸೇಜ್ ಬಂದ ದಿನ ಅಂಗನವಾಡಿ ಮೆಟ್ಟಿಲ ಮೇಲೆ ನೀರು ನಿಂತಿತ್ತು, ಫೋಟೋ ಇದೆ. ಮಾಹಿತಿ ಹಕ್ಕಿನಲ್ಲಿ ಎಸ್ಟಿಮೇಟ್ ಮತ್ತು ಅಳತೆ ಪುಸ್ತಕದ ನಕಲು ಕೇಳಿದೆವು. ಕಾನೂನಿನಲ್ಲಿ 30 ದಿನ. ಅದು ಯಾವಾಗಲೋ ದಾಟಿತು, ನಕಲು ಬರಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳಿಗೆಂದು ಹೆಂಗಸರು ಒಣಗಿಸಿ ಕಟ್ಟಿಟ್ಟ ಮೀನಿನ ಮೂಟೆಗಳು ಹೋದ ವರ್ಷ ಗಟಾರದ ನೀರಲ್ಲಿ ನೆನೆದು ಹುಳ ಬಿದ್ದವು. ಪಂಚನಾಮೆಗೆ ಬಂದವರು ಗೋಡೆ ಬಿದ್ದಿದೆಯಾ ಎಂದು ಕೇಳಿದರು. ಇಲ್ಲ ಎಂದೆವು. ಬರೆದುಕೊಳ್ಳದೆ ಹೋದರು.

ಬಾವಿಗಳದ್ದು ಇನ್ನೊಂದು ಗೋಳು. ಮೇಲಿನ ಕೆಲವು ಲಾಡ್ಜುಗಳು ಶೌಚದ ಪೈಪನ್ನು ಇದೇ ಗಟಾರಕ್ಕೆ ಬಿಟ್ಟಿವೆ. ನಿಂತ ನೀರು ಇಂಗಿ ಬಾವಿ ಸೇರುತ್ತಿದೆ. ಕುದಿಸಿದರೂ ವಾಸನೆ ಹೋಗುವುದಿಲ್ಲ. ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಬೀದಿದೀಪ ಮೂರು ಕಂಬದಲ್ಲಿ ಇಲ್ಲ, ಅದೂ ಸ್ಲ್ಯಾಬ್ ಇಲ್ಲದ ಜಾಗದಲ್ಲೇ. ಟ್ಯೂಷನ್ ಮುಗಿಸಿ ಬರುತ್ತಿದ್ದ ಹುಡುಗಿ ಒಳಗೆ ಬಿದ್ದು ಕಾಲು ಮುರಿದುಕೊಂಡಳು. ತೆಗೆದ ಹೂಳು ದಂಡೆಯ ಮೇಲೇ ಇದೆ, ಮೊದಲ ಮಳೆಗೆ ವಾಪಸ್ಸು ಒಳಗೆ ಇಳಿಯಲು ಕಾದಿದೆ. ಕಸದ ಗಾಡಿ ರಸ್ತೆ ತುದಿಯಲ್ಲೇ ಹಾಡು ಹಾಕಿ ತಿರುಗಿ ಹೋಗುತ್ತದೆ. ಮನೆ ಕರದ ನೋಟಿಸ್ ಮಾತ್ರ ಒಂದು ಮನೆಯನ್ನೂ ಬಿಡದೆ ಬರುತ್ತದೆ, ಅಲ್ವಾ?

ಗಟಾರ ಕಟ್ಟುವುದು, ನಿರ್ವಹಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ತಮ್ಮ ಕಡ್ಡಾಯ ಕರ್ತವ್ಯ. ತಾವು ನಮಗೆ ಉಪಕಾರ ಮಾಡಬೇಕೆಂದು ಯಾರೂ ಕೇಳುತ್ತಿಲ್ಲ.

ಈ ಕಾಮಗಾರಿಯ ಕೊನೆಯ ಬಿಲ್ ತಯಾರಾಗುತ್ತಿದೆ ಎಂದು ಕೇಳಿದ್ದೇವೆ. ಅದಕ್ಕೆ ಸಹಿ ಹಾಕುವ ಮೊದಲು ಆ ಸ್ಲ್ಯಾಬ್ ಎತ್ತಿಸಿ, ನಮ್ಮ ಎದುರು ಮೇಲಿನಿಂದ ಮೋರಿಯವರೆಗೆ ಲೆವೆಲ್ ತೆಗೆಸಿ, ಅಳತೆ ಬರೆದು ಕೊಡಿ. ಹಳೇ ಮೋರಿ ಒಡೆದು ತಳ ತಗ್ಗಿಸಿ, ಭರತ ತಡೆಯುವ ಬಾಗಿಲು ಕೂರಿಸಿ. ತಪ್ಪಿದ್ದನ್ನು ಸರಿಮಾಡುವ ಹೊಣೆ ಟೆಂಡರ್ ಕರಾರಿನಲ್ಲಿ ಗುತ್ತಿಗೆದಾರರದ್ದೇ ಇರುತ್ತದೆ. ಅದಕ್ಕೆ ಹೊಸ ಅನುದಾನ ಬೇಕು ಎಂಬ ಮಾತು ಬೇಡ. ಲಾಡ್ಜುಗಳ ಪೈಪ್ ಮುಚ್ಚಿಸಲು ಅನುದಾನವೂ ಬೇಕಿಲ್ಲ, ಸುಮ್ನೆ ಒಂದು ನೋಟಿಸ್ ಸಾಕು. ದಂಡೆಯ ಹೂಳು, ತೆರೆದ ಗಟಾರಕ್ಕೆ ಸ್ಲ್ಯಾಬ್, ಬೀದಿದೀಪ ಈ ತಿಂಗಳೇ ಆಗಬೇಕು.

ಲೆವೆಲ್ ತೆಗೆಯುವ ದಿನವನ್ನು ಮೇ 10ರ ಒಳಗೆ ಬರೆದು ತಿಳಿಸಿ. ಬಾಯಿಮಾತು ಬೇಡ. ತಿಳಿಸದಿದ್ದರೆ ಜೂನ್‌ನಲ್ಲಿ ನೀರು ನುಗ್ಗಿದ ದಿನ ಮಕ್ಕಳು, ಮುದುಕರು, ಮೀನಿನ ಮೂಟೆ ಸಮೇತ ತಮ್ಮ ಕಚೇರಿಗೇ ಬಂದು ಕೂರುತ್ತೇವೆ. ಅದು ಗುಡ್ಡದ ಮೇಲಿದೆ, ಅಲ್ಲಿಗೆ ನೀರು ಬರುವುದಿಲ್ಲ.

ವಂದನೆಗಳೊಂದಿಗೆ,
ಕೆಳಗಿನ ಕೇರಿಯ ನಿವಾಸಿಗಳು
(ಸಹಿಗಳು, ಫೋಟೋಗಳು ಮತ್ತು ಹಳೆಯ ಮನವಿಗಳ ಪ್ರತಿ ಲಗತ್ತಿಸಿದೆ)

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ, ಕಾರವಾರ