ಅಪ್ಪನ ಉಪ್ಪುಕಂಡದ ವಿಚಾರವಾಗಿ

ಕ್ರೈಸ್ಟ್‌ಚರ್ಚ್, ನ್ಯೂಜಿಲೆಂಡ್

ತೀರ್ಥರೂಪ ಅಮ್ಮನಿಗೆ ಸವಿತಾ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಕಾಫಿ ಕೊಯ್ಲಿಗೆ ಆಳುಗಳು ಸಿಕ್ಕಿದ ವಿಷಯವನ್ನು ಅಣ್ಣ ತಿಳಿಸಿದ, ಸಂತೋಷವಾಯಿತು. ನಿನ್ನ ಪತ್ರದ ಕೊನೆಯಲ್ಲಿ ಎರಡೇ ಸಾಲಿನಲ್ಲಿ ಬರೆದ ಸಂಗತಿಯಿಂದ ಮಾತ್ರ ಮನಸ್ಸಿಗೆ ಸಮಾಧಾನವಿಲ್ಲ. ಅಪ್ಪನ ಬಿಪಿ ಏರಿದೆ, ಉಪ್ಪು ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿದ್ದಾರೆ. ಆದರೂ ಅಪ್ಪ ಮಾಂಸಕ್ಕೆ ಉಪ್ಪು ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ, ಕಾಫಿ ಕಣದ ಬಿಸಿಲಿನಲ್ಲಿ ಉಪ್ಪುಕಂಡಕ್ಕೆ ಕಟ್ಟಿದ್ದಾರೆ. ಕೇಳಿದರೆ, "ಮಗಳು ಒಣಮಾಂಸ ಕಟ್ಟಿಕೊಂಡು ಗುಡ್ಡ ಹತ್ತುವುದಿಲ್ಲವೇ" ಎನ್ನುತ್ತಾರಂತೆ. ನನ್ನ ಹೆಸರನ್ನು ಮುಂದಿಟ್ಟುಕೊಂಡು ಅವರು ಉಪ್ಪು ತಿನ್ನುವುದಾದರೆ ನಾನು ಸುಮ್ಮನಿರಲಾರೆ. ದಯವಿಟ್ಟು ಈ ಪತ್ರವನ್ನು ಅವರಿಗೆ ಓದಿ ಹೇಳು.

ನಾನು ಒಣಗಿಸುವುದು ಉಪ್ಪುಕಂಡವಲ್ಲ. ಉಪ್ಪುಕಂಡ ಕೆಡದೆ ಉಳಿಯುವುದು ಉಪ್ಪು ಮತ್ತು ಬಿಸಿಲು ಎರಡರಿಂದ. ನನ್ನದು ಉಳಿಯುವುದು ನೀರಿನಂಶ ಹೋಗಿರುವುದರಿಂದ ಮಾತ್ರ, ಆದ್ದರಿಂದ ನಾನು ಚಿಟಿಕೆ ಉಪ್ಪನ್ನೂ ಹಾಕುವುದಿಲ್ಲ. ಅವರು ಹಸಿ ಮಾಂಸವನ್ನು ಒಣಗಿಸುತ್ತಾರೆ, ನಾನು ಮೊದಲೇ ಪೂರ್ತಿ ಬೇಯಿಸುತ್ತೇನೆ. ಖೀಮಾದ ಒಳಗಿನ ಬಿಸಿ 71 ಡಿಗ್ರಿ, ಕೋಳಿಯಾದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿತೇ ಎಂದು ಚುಚ್ಚುವ ಥರ್ಮಾಮೀಟರಿನಲ್ಲಿ ನೋಡಿದ ಮೇಲೆಯೇ ಅದನ್ನು ಫ್ಯಾನು ಮತ್ತು ತಟ್ಟೆಗಳಿರುವ ಡಿಹೈಡ್ರೇಟರ್ ಪೆಟ್ಟಿಗೆಗೆ ಹರಡುತ್ತೇನೆ. ಪೆಟ್ಟಿಗೆಯ ಗಾಳಿ 60 ಡಿಗ್ರಿ ಇದ್ದರೂ ಹಸಿ ಮಾಂಸದಿಂದ ನೀರು ಆವಿಯಾಗುತ್ತಿರುವಷ್ಟು ಹೊತ್ತು ಮಾಂಸ ತಣ್ಣಗೇ ಇರುತ್ತದೆ. ಅಷ್ಟರಲ್ಲಿ ಒಣಗಿಕೊಂಡ ರೋಗಾಣುಗಳು ಆಮೇಲಿನ ಬಿಸಿಗೂ ಜಗ್ಗುವುದಿಲ್ಲ. ಕಣದ ಬಿಸಿಲಿನಲ್ಲಿ ಅಷ್ಟು ಶಾಖವೂ ಇಲ್ಲ, ನೊಣಗಳ ಕಾಟ ಬೇರೆ.

ಕೊಬ್ಬು ಒಣಗುವುದಿಲ್ಲ, ಬೇಗ ಕಮಟು ಹಿಡಿಯುತ್ತದೆ. ಆದ್ದರಿಂದ ಕೊಬ್ಬಿಲ್ಲದ ಮಾಂಸವನ್ನೇ ಆರಿಸುತ್ತೇನೆ. ಇಲ್ಲಿ ಅದಕ್ಕೆ ಒಳ್ಳೆಯದು ಜಿಂಕೆ ಮಾಂಸ. ಅಪ್ಪ ಗಾಬರಿಯಾಗಬಾರದು, ಇದು ಶಿಕಾರಿಯಲ್ಲ. ಈ ದೇಶದಲ್ಲಿ ಜಿಂಕೆಗಳನ್ನು ಬೇಲಿಯೊಳಗೆ ಕುರಿಗಳಂತೆ ಸಾಕುತ್ತಾರೆ, ಅಂಗಡಿಯಲ್ಲಿ ರಸೀದಿ ಸಮೇತ ಮಾರುತ್ತಾರೆ. ಬೆಂದ ಖೀಮಾಕ್ಕೆ ಸ್ವಲ್ಪ ಬ್ರೆಡ್ ಪುಡಿ ಬೆರೆಸಿದರೆ ಮುಂದೆ ನೀರನ್ನು ಬೇಗ ಹೀರುತ್ತದೆ. ಕೋಳಿಯ ತುಂಡುಗಳು ಎಷ್ಟು ನೆನೆದರೂ ರಬ್ಬರಿನಂತೆಯೇ ಉಳಿಯುತ್ತವೆ. ಒಂದು ಕಿಲೋ ಖೀಮಾ ಒಣಗಿ ಸುಮಾರು ಮುನ್ನೂರು ಗ್ರಾಂ ಆಗುತ್ತದೆ. ಆರಿದ ಮೇಲೆ ಎಲ್ಲಕ್ಕಿಂತ ದಪ್ಪನೆಯ ಚೂರನ್ನು ಮುರಿದು ಒಳಗೆ ಪಸೆ ಇದೆಯೇ ಎಂದು ನೋಡುತ್ತೇನೆ, ಅಪ್ಪ ಒಣಗಿದ ಕಾಫಿ ಚೆರಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಸದ್ದು ಕೇಳುವ ಹಾಗೆ. ಗಾಜಿನ ಭರಣಿಯಲ್ಲಿಟ್ಟಾಗ ಒಳಗೋಡೆಗೆ ಮಂಜು ಕಟ್ಟಿದರೆ ಮತ್ತೆ ಪೆಟ್ಟಿಗೆಗೆ ಹೋಗುತ್ತದೆ. ಹೊರಡುವ ದಿನದವರೆಗೂ ಫ್ರೀಜರಿನಲ್ಲೇ ಇಡುತ್ತೇನೆ.

ಗುಡ್ಡದ ಮೇಲೆ ಅಳತೆಗೆ ಅಳತೆ ನೀರು ಹಾಕಿ ನೆನೆಸಿ, ಕುದಿಸಿ, ಪಾತ್ರೆಗೆ ಟವೆಲ್ ಸುತ್ತಿ ಕಾಲು ಗಂಟೆ ಬಿಟ್ಟರೆ ಊಟ ಸಿದ್ಧ. ನೀನು ಕಳಿಸಿದ ಖಾರದ ಪುಡಿ ಒಂದು ಚಮಚ ಬಿದ್ದರೆ ಪಕ್ಕದವರೂ ತಟ್ಟೆ ಚಾಚುತ್ತಾರೆ. ಕಾಡಿನ ಭಯ ಬೇಡ, ಇಲ್ಲಿನ ಕಾಡಿನಲ್ಲಿ ಹಾವೇ ಇಲ್ಲ, ಹುಲಿ ಚಿರತೆಗಳೂ ಇಲ್ಲ. ಕಳ್ಳತನ ಮಾಡುವುದು ಕಿಯಾ ಎಂಬ ಗಿಣಿ ಮಾತ್ರ. ಹೊರಗೆ ಬಿಟ್ಟ ಬೂಟನ್ನೂ ಕಿತ್ತುಹಾಕುತ್ತದೆ.

ಈಗ ಅಪ್ಪನಿಗೆ ನನ್ನ ಪ್ರಶ್ನೆ. ಬೆನ್ನಿನ ಮೇಲಿನ ಭಾರ ಇಳಿಯಲೆಂದು, ದಾರಿಯಲ್ಲಿ ಫ್ರಿಜ್ ಇಲ್ಲವೆಂದು ನಾನು ಒಣಗಿಸುತ್ತೇನೆ. ಹಿತ್ತಿಲಿನಲ್ಲಿ ನಾಟಿ ಕೋಳಿ, ಅಡುಗೆಮನೆಯಲ್ಲಿ ಫ್ರಿಜ್ ಇಟ್ಟುಕೊಂಡ ಅವರಿಗೆ ಒಣಮಾಂಸದ ಅಗತ್ಯವಾದರೂ ಏನು? ನೀರಿನಲ್ಲಿ ನೆನೆಸಿ ಉಪ್ಪು ತೆಗೆದರಾಯಿತು ಎಂದು ಅವರು ಖಂಡಿತ ವಾದಿಸುತ್ತಾರೆ. ಸ್ವಲ್ಪ ಹೋಗುತ್ತದೆ, ನಿಜ. ಒಳಗೆ ಇಳಿದದ್ದೆಲ್ಲ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ, ಅದು ಹೆಚ್ಚು ಕಡಿಮೆ ಒಂದು ಟೀ ಚಮಚ. ಸಾರು, ಉಪ್ಪಿನಕಾಯಿ, ಹಪ್ಪಳ ಎಲ್ಲ ಅದರಲ್ಲೇ ಮುಗಿಯಬೇಕು. ಮಾಂಸ ಬೇಕೆನಿಸಿದರೆ ತಾಜಾ ಕೋಳಿಯನ್ನೇ ಮೆಣಸು, ಹುಳಿ ಮುಂದಾಗಿ ಮಾಡಿಕೊಡು. ಕಟ್ಟಿದ ಉಪ್ಪುಕಂಡವನ್ನು ಆಳುಗಳ ಮನೆಗೆ ಕೊಟ್ಟುಬಿಡು. ಇಲ್ಲಿಗೆ ಬರುವ ಸುಮಾಳ ಕೈಯಲ್ಲಿ ನನಗೆ ಕಳಿಸುವ ಯೋಚನೆಯಂತೂ ಬೇಡ. ಮಾಂಸ ತಂದು ಹೇಳದೆ ಇದ್ದವರಿಗೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ 400 ಡಾಲರ್ ದಂಡ ಹಾಕುತ್ತಾರೆ.

ನನಗೆ ಏನೂ ತೊಂದರೆಯಿಲ್ಲ, ಊಟ ನಿದ್ರೆ ಚೆನ್ನಾಗಿದೆ, ನೆಗಡಿ ಕೂಡ ಇಲ್ಲ, ನನ್ನ ಬಗ್ಗೆ ಎಳ್ಳಷ್ಟೂ ಚಿಂತೆ ಬೇಡ. ಅಪ್ಪ ಮಾತ್ರೆಯನ್ನು ತಪ್ಪಿಸದ ಹಾಗೆ ನೋಡಿಕೋ, ಬಿಪಿ ಎಷ್ಟಿದೆಯೆಂದು ಅಣ್ಣನ ಕೈಯಲ್ಲಿ ವಾರ ವಾರ ಬರೆಸು. ಕೆಲಸಕ್ಕೆ ಹೊತ್ತಾಯಿತು, ಬಸ್ಸು ಹಿಡಿಯಬೇಕು. ಅತ್ತಿಗೆಗೂ ಮಕ್ಕಳಿಗೂ ಕೇಳಿದೆನೆಂದು ಹೇಳು.

ಇಂತಿ ನಿನ್ನ ಮಗಳು,
ಸವಿತಾ