ಕೆಲಸಕ್ಕೆ ಸೇರಿದ ಮಗಳಿಗೆ

ಪ್ರೀತಿಯ ಮಗಳೇ,

ಕರ್ತನ ಹೆಸರಿನಲ್ಲಿ ವಂದನೆ. ಆಯುಧಪೂಜೆಯ ದಿನ ಆಫೀಸಿನಲ್ಲಿ ಏನು ಮಾಡಲಿ ಎಂದು ಕೇಳಿದ್ದೀಯ. ಹೇಳುತ್ತೇನೆ. ನೀನು ಕೇಳದೇ ಇರುವ ಬಾಡಿಗೆ ರಸೀದಿಯ ವಿಷಯವೂ ಇದೆ. ನನ್ನ ಮಟ್ಟಿಗೆ ಅದೇ ದೊಡ್ಡದು.

ಮೊದಲು ಬೈಬಲಿನ ದಾನಿಯೇಲನ ಪುಸ್ತಕದ ಒಂದನೇ ಅಧ್ಯಾಯ ನಿಧಾನವಾಗಿ ಓದು. ಸಿಂಹದ ಗವಿಯ ಕಥೆ ಎಲ್ಲರಿಗೂ ಬಾಯಿಪಾಠ, ಈ ಅಧ್ಯಾಯವನ್ನು ಮಾತ್ರ ಸಂಡೇ ಸ್ಕೂಲಿನಲ್ಲೇ ಬಿಟ್ಟು ಬಂದಿರುತ್ತೇವೆ. ಯೆಹೂದದಿಂದ ಸೆರೆಯಾಗಿ ಬಂದಿದ್ದ ದಾನಿಯೇಲ, ಅವನ ಗೆಳೆಯರು ಬಾಬಿಲೋನಿನ ಭಾಷೆ ಕಲಿತರು, ಅರಮನೆಯ 3 ವರ್ಷದ ಶಿಕ್ಷಣ ಒಪ್ಪಿಕೊಂಡರು, ಇಟ್ಟ ಹೊಸ ಹೆಸರುಗಳನ್ನೂ ಸಹಿಸಿಕೊಂಡರು. ಬೇಡ ಎಂದದ್ದು ಅರಸನ ಊಟವನ್ನು, ದ್ರಾಕ್ಷಾರಸವನ್ನು. ಅದನ್ನು ದಾನಿಯೇಲ ಹೇಗೆ ಹೇಳಿದ ನೋಡು. ಮನಸ್ಸಿನಲ್ಲಿ ಮೊದಲೇ ನಿಶ್ಚಯ ಮಾಡಿಕೊಂಡಿದ್ದ. ಆಮೇಲೆ ಮೇಲಧಿಕಾರಿಯನ್ನು ವಿನಯದಿಂದ ಕೇಳಿಕೊಂಡ. ಆತ ಹೆದರಿದ, ಹುಡುಗರು ಸೊರಗಿದರೆ ಹೋಗುವುದು ಅವನ ತಲೆ. ದಾನಿಯೇಲ ವಾದಕ್ಕೆ ನಿಲ್ಲದೆ ಕೆಳಗಿನ ಮೇಲ್ವಿಚಾರಕನ ಹತ್ತಿರ ಹೋಗಿ, 10 ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನೀವೇ ತೀರ್ಮಾನಿಸಿ ಎಂದ. ನಾವು ಬೇಡ ಎಂದಾಗ ಯಾರಿಗೆ ತೊಂದರೆಯಾಗುತ್ತದೆ ಎಂದು ಯೋಚಿಸಿ, ಅವರಿಗೂ ಒಂದು ದಾರಿ ಬಿಡಬೇಕು.

ಭಾನುವಾರದ ಶಿಫ್ಟಿಗೂ ಇದೇ ಕ್ರಮ. ಶನಿವಾರ ಸಂಜೆ ಬಂದು ಆಗಲ್ಲ ಎಂದರೆ ಟೀಮ್ ಲೀಡರಿಗೆ ಬದಲಿ ಜನ ಸಿಗುವುದಿಲ್ಲ, ಸಿಟ್ಟು ಬರುವುದು ಸಹಜ. ತಿಂಗಳ ರೋಸ್ಟರ್ ಹಾಕುವ ಮೊದಲೇ ಮೇಲ್ ಬರೆ. ಅದರಲ್ಲೇ ದೀಪಾವಳಿ, ಯುಗಾದಿ, ಶನಿವಾರದ ಶಿಫ್ಟ್‌ಗಳನ್ನು ನಾನು ಮಾಡುತ್ತೇನೆ ಎಂದು ಸೇರಿಸು. ಅಷ್ಟಾದರೂ ಒಂದು ಭಾನುವಾರ ಶಿಫ್ಟ್ ಬಿದ್ದರೆ ಬೆಳಗಿನ ಮೊದಲ ಆರಾಧನೆ ಮುಗಿಸಿಕೊಂಡು ಹೋಗು.

ಆಯುಧಪೂಜೆಯ ಹಿಂದಿನ ದಿನ ಎಲ್ಲರ ಜೊತೆ ಸೇರಿ ಮೇಜು, ಕಂಪ್ಯೂಟರ್ ಒರೆಸು. ಪೂಜೆಯ ಉಸ್ತುವಾರಿ ನೋಡುವವರನ್ನು ಅವತ್ತೇ ಪಕ್ಕಕ್ಕೆ ಕರೆದು, ನಾನು ಜೊತೆಗಿರುತ್ತೇನೆ, ಆರತಿ ಮಾತ್ರ ನನ್ನ ಕೈಗೆ ಕೊಡಬೇಡಿ ಎಂದು ಹೇಳಿಬಿಡು. ಎಲ್ಲರೆದುರು ತಟ್ಟೆ ಕೈಗೆ ಬಂದಮೇಲೆ ಹಿಂದೆ ಸರಿದರೆ ಅವರಿಗೂ ಅವಮಾನ, ನಿನಗೂ ಮುಜುಗರ. ಬೂದುಗುಂಬಳಕಾಯಿ ಒಡೆದಾದ ಮೇಲೆ ಪೇಪರ್ ಪೊಟ್ಟಣದಲ್ಲಿ ಪುರಿ, ಕಡಲೆ, ಬಾಳೆಹಣ್ಣು ಹಂಚುತ್ತಾರಲ್ಲ, ಅದಕ್ಕೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ ನೋಡು. ಅಂಗಡಿಯಲ್ಲಿ ಮಾರುವುದನ್ನು, ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ, ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಅವರ ಮನಸ್ಸಾಕ್ಷಿಗಾಗಿ ಬಿಡಿ ಎನ್ನುತ್ತಾನೆ. ಪ್ರಸಾದ ತೊಗೊಳ್ಳಿ ಎಂದರೆ ನಗುತ್ತಾ ಕೈಮುಗಿದು ಬೇಡ ಅನ್ನು. ಮೂಗು ಮುರಿಯಬೇಡ, ಉಪದೇಶ ಕೊಡಬೇಡ. ಅದು ಅವರ ಭಕ್ತಿ.

ಈಗ ರಸೀದಿ. ನಮ್ಮ ಸಭೆಗಳಲ್ಲಿ ಪ್ರಸಾದದ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ, ಸುಳ್ಳು ಬಿಲ್ಲಿನ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ಕ್ರಿ.ಶ. 112ರ ಸುಮಾರಿಗೆ ಬಿಥೂನ್ಯದ (ಈಗಿನ ಟರ್ಕಿಯ ಒಂದು ಭಾಗ) ರಾಜ್ಯಪಾಲ ಪ್ಲಿನಿ ರೋಮಿನ ಚಕ್ರವರ್ತಿ ಟ್ರೇಜನನಿಗೆ ಕ್ರೈಸ್ತರ ಬಗ್ಗೆ ಒಂದು ಪತ್ರ ಬರೆದ. ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕಿಸಿ, ಕ್ರೈಸ್ತರೋ ಅಲ್ಲವೋ ಎಂದು ಜನರನ್ನು ಪರೀಕ್ಷಿಸುತ್ತಿದ್ದವನು ಅವನು. ಈ ಜನ ಬೆಳಕು ಹರಿಯುವ ಮುಂಚೆ ಕೂಡಿ ಕ್ರಿಸ್ತನಿಗೆ ಹಾಡುತ್ತಾರೆ. ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟ ಹಣವನ್ನು ಇಲ್ಲವೆನ್ನುವುದಿಲ್ಲ ಎಂದು ಆಣೆ ಮಾಡುತ್ತಾರೆ ಎಂದೂ ಅದರಲ್ಲಿ ಬರೆದಿದ್ದಾನೆ. ಧೂಪ ಹಾಕದಿದ್ದವರು ಹಣದ ವಿಷಯದಲ್ಲೂ ಅಷ್ಟೇ ಗಟ್ಟಿಯಾಗಿ ನಿಲ್ಲಬೇಕೆಂದು ಆಣೆ ಇಟ್ಟವರು.

ನೀನು ದೊಡ್ಡಮ್ಮನ ಮನೆಯಲ್ಲಿದ್ದೀಯ, ಬಾಡಿಗೆ ಕೊಡುತ್ತಿಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿ, ಸಂಬಳದ ಜೊತೆ ಬರುವ ಬಾಡಿಗೆ ಭತ್ಯೆಗೆ (HRA) ವಿನಾಯಿತಿ ಇದೆ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮನೆ ಮಾಲೀಕರ ಪಾನ್ ನಂಬರ್ ಕೇಳುತ್ತಾರೆ. ಅದನ್ನು ತಪ್ಪಿಸಲು ತಿಂಗಳಿಗೆ 8,300 ಎಂದು ಬರೆದು, ಯಾರದೋ ಸಹಿ ಹಾಕಿಸಿ ಕೊಟ್ಟುಬಿಡುವ ಚಾಳಿ ಇದೆ. ಎಲ್ಲರೂ ಮಾಡ್ತಾರೆ, ನಿನಗೇನು ಎಂದು ಸ್ನೇಹಿತರೇ ಫಾರಂ ತುಂಬಿಕೊಡಬಹುದು. ಸಿಕ್ಕಿಬಿದ್ದರೆ ಉಳಿಸಿದ ತೆರಿಗೆಯ ದುಪ್ಪಟ್ಟು ದಂಡ ಬೀಳಬಹುದು. ದಂಡ ಬೀಳದಿದ್ದರೂ ಅದು ನಿನ್ನ ಕೈಯಾರೆ ಬರೆದ ಸುಳ್ಳು. ನನಗೆ ಬಾಡಿಗೆ ಇಲ್ಲ, ಕ್ಲೇಮ್ ಮಾಡಲ್ಲ ಅನ್ನು, ಸಾಕು. ದೊಡ್ಡಮ್ಮನಿಗೆ ನಿಜವಾಗಿ ಬಾಡಿಗೆ ಕೊಡುವುದಾದರೆ ಪ್ರತಿ ತಿಂಗಳು ಬ್ಯಾಂಕಿನಿಂದಲೇ ಹಾಕು. ಅವರೂ ಅದನ್ನು ತಮ್ಮ ಆದಾಯದಲ್ಲಿ ತೋರಿಸಲಿ, ಆಗ ರಸೀದಿ ಕೊಡುವುದರಲ್ಲಿ ತಪ್ಪಿಲ್ಲ.

ಟೀಮ್ ಪಾರ್ಟಿಗೆ ಖಂಡಿತ ಹೋಗು. ನಿಂಬೆ ಸೋಡಾ ಮೊದಲೇ ತರಿಸಿಕೊಂಡು ಕೈಯಲ್ಲಿಟ್ಟುಕೊ, ಕುಡಿ ಎನ್ನುವ ಒತ್ತಾಯ ಅರ್ಧ ಕಡಿಮೆಯಾಗುತ್ತದೆ.

ಜನವರಿಯಲ್ಲಿ ಆಫೀಸಿನವರು ತೆರಿಗೆ ವಿನಾಯಿತಿಗೆ ಪುರಾವೆ ಕೇಳುವ ತನಕ ಕಾಯಬೇಡ, ಆಗ ಅವಸರದಲ್ಲಿ ಸಹಿ ಬಿದ್ದುಬಿಡುತ್ತದೆ. ಬಾಡಿಗೆಯಿಲ್ಲದೆ ಹಳೇ, ಹೊಸ ಎರಡೂ ಪದ್ಧತಿಯಲ್ಲಿ ತೆರಿಗೆ ಎಷ್ಟಾಗುತ್ತದೆ ಎಂದು ಈ ವಾರವೇ ಲೆಕ್ಕ ಹಾಕಿ ನನಗೆ ಕಳಿಸು.

ನಿನ್ನ ಅಮ್ಮ