ಗಣಿತದ ಕಿಟ್ ಬೀರುವಿನಲ್ಲಿದ್ದರೆ ಏನು ಬಂತು?

ಮಾನ್ಯರೇ,

ಡಿಸೆಂಬರ್ 22 ಬಂತೆಂದರೆ ನಮ್ಮ ಕಡೆಯ ಶಾಲೆಗಳ ಬೀರುಗಳಿಗೆ ಒಂದು ದಿನದ ಬಿಡುಗಡೆ. 2012ರಿಂದ ರಾಮಾನುಜನ್ ಹುಟ್ಟಿದ ದಿನವನ್ನು ರಾಷ್ಟ್ರೀಯ ಗಣಿತ ದಿನ ಎಂದು ಆಚರಿಸುತ್ತೇವಲ್ಲ, ಅವತ್ತು ಗಣಿತದ ಕಿಟ್, ಅಂದರೆ ಘನ, ದಾಳ, ಗಡಿಯಾರದ ಮಾದರಿಯಂಥ ಕಲಿಕಾ ಸಾಮಗ್ರಿಯ ಪೆಟ್ಟಿಗೆ, ಹೊರಗೆ ಬರುತ್ತದೆ. ಮೇಜಿನ ಮೇಲೆ ಬಟ್ಟೆ ಹಾಸಿ ಜೋಡಿಸುತ್ತೇವೆ, ಮಕ್ಕಳನ್ನು ಸುತ್ತ ನಿಲ್ಲಿಸಿ ಫೋಟೊ ತೆಗೆದು ಕ್ಲಸ್ಟರ್‌ನ (ಸುತ್ತಲಿನ ಶಾಲೆಗಳ) ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುತ್ತೇವೆ. ಸಂಜೆ ಒಂದೊಂದನ್ನೂ ಎಣಿಸಿ ಒಳಗಿಟ್ಟು ಬೀಗ. ಹೋದ ವರ್ಷದ ತನಕ ನಾನೂ ಇದನ್ನೇ ಮಾಡಿದವಳು. ಹಾಗಾಗಿ ಯಾರನ್ನೋ ದೂರಲು ಈ ಪತ್ರ ಬರೆಯುತ್ತಿಲ್ಲ.

ಶಿರಾ ತಾಲ್ಲೂಕಿನಲ್ಲಿ 27 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮೊದಲ 15 ವರ್ಷ ಕಿರಿಯ ಪ್ರಾಥಮಿಕ ಶಾಲೆ, ಬಡ್ತಿ ಸಿಕ್ಕ ಮೇಲೆ ಪ್ರೌಢಶಾಲೆ. ನನ್ನ ಹತ್ತಿರ ಹುಣಸೆ ಬೀಜ ಎಣಿಸಿದ ಮಕ್ಕಳೇ ಒಂಬತ್ತನೇ ತರಗತಿಗೆ ಬಂದು ನನ್ನೆದುರೇ ಕೂತದ್ದುಂಟು. ಚಿಕ್ಕವರಿದ್ದಾಗ ಕೈ ಹಾಕಿ ಕಲಿತವರು ದೊಡ್ಡವರಾದ ಮೇಲೆ ಕೈ ಕಟ್ಟಿ ಕೂರುವುದನ್ನು ಕಣ್ಣಾರೆ ನೋಡಿದ್ದೇನೆ.

ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ, ಅಂದರೆ ಚಿಕ್ಕ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ಪದ್ಧತಿ, ನಮ್ಮ ಶಾಲೆಗೂ ಬಂದಾಗ ಗೊಣಗಿದವರಲ್ಲಿ ನಾನೂ ಒಬ್ಬಳು. ಆ ಕಾರ್ಡು, ಮಕ್ಕಳ ಕೆಲಸ ತೂಗುಹಾಕಲು ತಲೆಯ ಮೇಲೆ ಕಟ್ಟಿದ ಆ ದಾರದ ಚಪ್ಪರ, ಗುಂಪು ಗುಂಪಾಗಿ ಕೂತ ಮಕ್ಕಳ ಗಲಾಟೆ! ಆದರೆ 52ರಲ್ಲಿ 27 ಕಳೆ ಎಂದರೆ 35 ಎಂದು ಬರೆಯುತ್ತಿದ್ದ ಮಕ್ಕಳಿಗೆ ನಾನು ಬೋರ್ಡಿನ ಮೇಲೆ ಎಷ್ಟು ಹೇಳಿದರೂ ಹತ್ತಿರಲಿಲ್ಲ. ಪೊರಕೆ ಕಡ್ಡಿ ಮುರಿದು ಹತ್ತತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ. ಐದು ಕಟ್ಟು, ಎರಡು ಬಿಡಿ ಕಡ್ಡಿ. ಏಳು ತೆಗೆಯಬೇಕು, ಇರುವುದು ಎರಡೇ. ಒಬ್ಬ ಹುಡುಗಿ ಸ್ವಲ್ಪ ಹೊತ್ತು ನೋಡಿ, 'ಮಿಸ್, ಕಟ್ಟು ಬಿಚ್ಲಾ?' ಅಂದಳು. 'ದಶಕದಿಂದ ಸಾಲ ತಗೊ' ಎಂದು ನಾನು ಅಷ್ಟು ವರ್ಷ ಗಂಟಲು ಹರಿದುಕೊಂಡಿದ್ದು ಇದನ್ನೇ.

4 ಮತ್ತು 5ನೇ ತರಗತಿಗೆ, ಸಾಮಗ್ರಿ ಬಳಸಿ ಗಣಿತ ಕಲಿಸುವ ಯೋಜನೆಯಾದ ಗಣಿತ ಕಲಿಕಾ ಆಂದೋಲನದ ಕಿಟ್ ಇದೆ, ಒಳ್ಳೆಯದೇ ಇದೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಐದನೇ ಎರಡು ಎಂದು ಬರೆಯುವ ಮಗುವಿನ ಮುಂದೆ ಭಿನ್ನರಾಶಿ ಪಟ್ಟಿಗಳನ್ನು ಇಟ್ಟರೆ, ಕೂಡಿಸಿದ ಮೇಲೆ ಅರ್ಧಕ್ಕಿಂತಲೂ ಕಡಿಮೆ ಆಯಿತಲ್ಲ ಎಂದು ತಾನೇ ನಗುತ್ತದೆ. ತೊಂದರೆ ಇರುವುದು ಅಲ್ಲಿಂದ ಮೇಲೆ. ಆರನೇ ತರಗತಿ ದಾಟಿತೆಂದರೆ ಸೀಮೆಸುಣ್ಣ, ಸೂತ್ರ, ಕಂಠಪಾಠ.

ಒಂಬತ್ತನೇ ತರಗತಿಯ ಶಂಕುವಿನ ಘನಫಲದ ಪಾಠ ಹೇಳುತ್ತೇನೆ. ಒಂದೇ ಪಾದ, ಒಂದೇ ಎತ್ತರವಿದ್ದರೆ ಮೂರು ಶಂಕು ಸುರಿದಾಗ ಒಂದು ಸಿಲಿಂಡರ್ ತುಂಬಬೇಕು. ಮನೆಯಿಂದ ರಾಗಿ ಒಯ್ದಿದ್ದೆ. ಮಕ್ಕಳು ಡ್ರಾಯಿಂಗ್ ಶೀಟಿನಲ್ಲಿ 10 ಸೆಂ.ಮೀ. ವ್ಯಾಸ, 10 ಸೆಂ.ಮೀ. ಎತ್ತರದ ಸಿಲಿಂಡರ್ ಮಾಡಿದರು. ಶಂಕುವಿಗೆ 10 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಕತ್ತರಿಸಿ ಸುತ್ತಿದರು, ಬಾಯಿ ಸರಿಯಾಗಿ ಸಿಲಿಂಡರಿನಷ್ಟೇ ಅಗಲ ಬಂತು. ಸುರಿದರು. ಮೂರು ಆದರೂ ಡಬ್ಬಿ ತುಂಬಲಿಲ್ಲ, ಇನ್ನೂ ಅರ್ಧ ಶಂಕುವಿನಷ್ಟು ರಾಗಿ ಹಿಡಿಯಿತು. ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು. ಹಿಂದಿನ ಬೆಂಚಿನಿಂದ 'ಮಿಸ್, ಪುಸ್ತಕ ತಪ್ಪಾ?' ಅಂತ ಒಂದು ದನಿ.

ನನಗೂ ಹೊಳೆಯಲಿಲ್ಲ, ಬೆವರು ಬಂತು. ಕೊನೆಗೆ ಒಬ್ಬ ಹುಡುಗ ಶಂಕುವನ್ನು ಬೋರಲು ಹಾಕಿ ಸಿಲಿಂಡರಿನ ಪಕ್ಕ ಇಟ್ಟ. ಒಂದು ಸೆಂಟಿಮೀಟರಿಗೂ ಹೆಚ್ಚು ಗಿಡ್ಡ! ಅವರು 10 ಎಂದು ಅಳೆದದ್ದು ಓರೆ ಎತ್ತರ (ತುದಿಯಿಂದ ಅಂಚಿನವರೆಗೆ ಇಳಿಜಾರಿನ ಉದ್ದ), ನೇರ ಎತ್ತರ ಎಂಟೂವರೆಯ ಮೇಲೆ ಚಿಲ್ಲರೆ ಅಷ್ಟೇ. ಹಾಗಾದರೆ ಓರೆ ಎಷ್ಟಿರಬೇಕು? 5ರ ವರ್ಗ, 10ರ ವರ್ಗ ಕೂಡಿಸಿ 125, ಅದರ ವರ್ಗಮೂಲ ಸುಮಾರು 11.2. ಪೈಥಾಗೊರಸ್ ಪ್ರಮೇಯ ಕರೆಯದೆ ತಾನೇ ಬಂದು ಕೂತಿತು. ಮರುದಿನ ಹೊಸ ಶಂಕು ಮಾಡಿ ಸುರಿದರೆ ಮೂರನೆಯದಕ್ಕೆ ಬಾಯಿಮಟ್ಟ. ಆ ತರಗತಿಯಲ್ಲಿ ಓರೆ ಎತ್ತರಕ್ಕೂ ನೇರ ಎತ್ತರಕ್ಕೂ ಗೊಂದಲ ಮಾಡಿಕೊಂಡವರನ್ನು ಆಮೇಲೆ ನಾನು ಕಾಣಲಿಲ್ಲ. (ಚೆಲ್ಲಿದ ರಾಗಿಯನ್ನು ಗುಡಿಸಿದ್ದೂ ನಾನೇ, ಅದು ಬೇರೆ ಮಾತು.)

ಆದರೆ ಒಂದು ಅವಧಿಯ ಪಾಠಕ್ಕೆ ಮೂರು ಅವಧಿ ಹೋಯಿತು. ಆ ವಾರ ಭೇಟಿಗೆ ಬಂದ ಅಧಿಕಾರಿಯೊಬ್ಬರು ಪಾಠ ಯೋಜನೆ ತಿರುವಿ, 'ಸಿಲಬಸ್ ಹಿಂದೆ ಬಿದ್ದಿದೆಯಲ್ಲ ಮೇಡಂ' ಎಂದರು. ಶಂಕು ಇನ್ನೂ ಮೇಜಿನ ಮೇಲೇ ಇತ್ತು, ಅದೇನೆಂದು ಅವರು ಕೇಳಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆಂದು 20 ಅಂಕ ಇದೆ. ಇಂಥ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. ನಾನು ಕಂಡ ಹಾಗೆ ಅಲ್ಲಿ ಅಂಕ ಬೀಳುವುದು ಗೈಡ್ ನೋಡಿ ಬರೆದು ಬಣ್ಣದ ರಟ್ಟು ಹಾಕಿದ ಫೈಲುಗಳಿಗೆ.

ಇನ್ನು ಬೀಗದ ವಿಚಾರ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಮುಖ್ಯ ಶಿಕ್ಷಕರು ನಿವೃತ್ತಿಯ ದಿನ ಚಾರ್ಜ್ ಕೊಡುವಾಗ ಗಡಿಯಾರದ ಮಾದರಿಯ ಮುಳ್ಳು ಮುರಿದಿದೆ, ನಾಲ್ಕು ಘನ ಕಡಿಮೆ ಇವೆ ಎಂದು ತಕರಾರಾಯಿತು. ಹಾರ ಹಾಕಿಕೊಂಡ ಮನುಷ್ಯ ತಮ್ಮ ಕಿಸೆಯಿಂದ ದುಡ್ಡು ಕೊಟ್ಟು ತುಮಕೂರಿನಿಂದ ತರಿಸಿಕೊಟ್ಟರು. ಅದನ್ನು ನೋಡಿದ ಯಾವ ಶಿಕ್ಷಕರು ಮಕ್ಕಳ ಕೈಗೆ ಕಿಟ್ ಕೊಡುತ್ತಾರೆ? ಸೀಮೆಸುಣ್ಣ ಮುಗಿದರೆ ದಾಸ್ತಾನು ವಹಿಯಲ್ಲಿ 'ಖರ್ಚು' ಎಂದು ಬರೆಯುತ್ತೇವೆ, ಯಾರೂ ಕೇಳುವುದಿಲ್ಲ. ಗಣಿತದ ಸಾಮಗ್ರಿಯನ್ನೂ ಹಾಗೆಯೇ ಖರ್ಚಾಗುವ ವಸ್ತು ಎಂದು ನಮೂದಿಸಬಹುದೆಂದು ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ದುಡ್ಡು ಕೇಳುತ್ತಿಲ್ಲ, ಒಂದು ಸಾಲು ಸಾಕು. ಜೊತೆಗೆ, ಭೇಟಿಗೆ ಬರುವವರು ಯೋಜನೆಯ ಪುಸ್ತಕದ ಬದಲು ಕಿಟ್ಟಿನ ಪೆಟ್ಟಿಗೆ ತೆಗೆಸಿ ನೋಡಲಿ: ಸವೆದಿದೆಯೋ, ಹೊಸದಾಗೇ ಇದೆಯೋ.

ನಮ್ಮ ಈಗಿನ ಮುಖ್ಯ ಶಿಕ್ಷಕರು ಧೈರ್ಯ ಮಾಡಿದ್ದಾರೆ. ಜೂನ್‌ನಿಂದ ಬೀರುವಿನ ಕೀಲಿ ಎಂಟನೇ ತರಗತಿಯ ಮಾನಿಟರ್ ಹುಡುಗಿಯ ಹತ್ತಿರ ಇದೆ. ಇಲ್ಲಿಯ ತನಕ ಕಳೆದದ್ದು ಒಂದು ಕೋನಮಾಪಕ, ಎರಡು ದಾಳ. ದಾಳ ಯಾರ ಮನೆಯಲ್ಲಿದೆ ಎಂದೂ ನನಗೆ ಗೊತ್ತು, ಕೇಳಿಲ್ಲ.

– ಗಣಿತ ಶಿಕ್ಷಕಿ, ಶಿರಾ ತಾಲ್ಲೂಕು